ಕಾರು ಮಾರುತ್ತಿದ್ದೇನೆ: 29, 30 ಫಾರ್ಮ್‌ಗೆ ಸಹಿ ಹಾಕಿ ಕೊಟ್ಟರೆ ಸಾಕಾ?

ಕುವೆಂಪುನಗರದವ
ಎಲ್ಲರಿಗೂ ನಮಸ್ಕಾರ. 2016ರ ಸ್ವಿಫ್ಟ್ ಡೀಸೆಲ್ ಮಾರುತ್ತಿದ್ದೇನೆ. ಕೆಎ 09 ನೋಂದಣಿ, ನಾನೇ ಮೊದಲ ಓನರ್. ಹಾಸನದವರೊಬ್ಬರು ನೋಡಿ ಒಪ್ಪಿ ಅಡ್ವಾನ್ಸ್ ಕೊಟ್ಟಿದ್ದಾರೆ. ನಡುವೆ ಒಬ್ಬ ಬ್ರೋಕರ್ ಇದ್ದಾರೆ. ಗಾಡಿಯ ಹೆಸರು ಬದಲಾಯಿಸುವ ಫಾರ್ಮ್‌ಗಳ ಬಗ್ಗೆ ಅವರು ಹೇಳುವುದು ಇಷ್ಟೇ: "29, 30ಕ್ಕೆ ಸೈನ್ ಹಾಕಿ, ಆಧಾರ್ ಜೆರಾಕ್ಸ್, ಫೋಟೋ ಕೊಡಿ ಸಾರ್. ಮಿಕ್ಕಿದ್ದೆಲ್ಲ ನಾವ್ ನೋಡ್ಕೋತೀವಿ." ಕೊಳ್ಳುವವರ ಹೆಸರು ಬರೆಯುವ ಜಾಗ, ತಾರೀಕು ಎರಡನ್ನೂ ಖಾಲಿ ಬಿಡಿ ಅಂತಲೂ ಅಂದರು. ಯಾಕೆ ಅಂತ ಕೇಳಿದರೆ ನಕ್ಕು ಸುಮ್ಮನಾದರು.

ಇನ್ನೊಂದು ತೊಡಕಿದೆ. ಲೋನ್ ತೀರಿ ಕಾಲವಾಯಿತು, ಬ್ಯಾಂಕಿನ ಎನ್‌ಒಸಿಯೂ ಮನೆಯಲ್ಲಿದೆ. ಆದರೆ ಆರ್‌ಸಿಯಲ್ಲಿ ಎಚ್‌ಪಿ, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನುವ ನಮೂದು, ಹಾಗೇ ಇದೆ. ಏನು ಮಾಡಲಿ? ಕೀ ಕೊಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಗ್ಯಾರೇಜ್ ಗೌಡ
ಎಚ್‌ಪಿ ಮೊದಲು ತೆಗೆಸಿ. ಅದಿದ್ದರೆ ಗಾಡಿ ಮುಂದಕ್ಕೆ ಹೋಗಲ್ಲ. ಫಾರ್ಮ್ 35, ಬ್ಯಾಂಕ್ ಎನ್‌ಒಸಿ, ಒರಿಜಿನಲ್ ಆರ್‌ಸಿ. ಎನ್‌ಒಸಿ ಹಳೆಯದಾಗಿದ್ದರೆ ಹೊಸದು ತನ್ನಿ ಅನ್ನುತ್ತಾರೆ, ಸಾಮಾನ್ಯವಾಗಿ ಮೂರು ತಿಂಗಳಷ್ಟೇ ಅದರ ಆಯುಸ್ಸು. ಈಗಲೇ ಬ್ಯಾಂಕಿಗೆ ಹೋಗಿ ಕೇಳಿಬಿಡಿ.

ನಿಮ್ಮದು 2016ರ ಗಾಡಿ ಅಲ್ವಾ? ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಹಾಕಿಸಿದ್ದೀರಾ? 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಗಾಡಿಗಳಿಗೆ ಅದಿಲ್ಲದೆ ಹೆಸರು ಬದಲಾವಣೆ ಇಲ್ಲ ಅಂತ 2023ರಲ್ಲೇ ಸರ್ಕಾರದ ಆದೇಶ ಬಂದಿದೆ.

ತುಮಕೂರು ವಕೀಲ
ಖಾಲಿ ಫಾರ್ಮ್‌ಗೆ ಮಾತ್ರ ಸಹಿ ಹಾಕಬೇಡಿ. ಬ್ರೋಕರ್ ಯಾಕೆ ನಕ್ಕರು ಅಂತ ನಾನು ಹೇಳುತ್ತೇನೆ. ಹೆಸರು ಬರೆಯದ ಫಾರ್ಮ್ ಕೈಯಲ್ಲಿದ್ದರೆ ಗಾಡಿಯನ್ನು ಹಾಸನದವರಿಗೂ ಕೊಡಬಹುದು, ಅರಸೀಕೆರೆಯವರಿಗೂ ಕೊಡಬಹುದು. ಹಾಸನದವರು ಆರು ತಿಂಗಳು ಓಡಿಸಿ ಮತ್ತೊಬ್ಬರಿಗೆ ಮಾರಿದರೂ ಅದೇ ಫಾರ್ಮ್ ಸಾಕು. ನಡುವೆ ಎಷ್ಟು ಕೈ ದಾಟಿದರೂ ಆರ್‌ಸಿಯಲ್ಲಿ ಕೊನೆಯವರು "ಸೆಕೆಂಡ್ ಓನರ್" ಆಗಿಯೇ ಕಾಣುತ್ತಾರೆ. ಗಾಡಿ ರೇಟ್ ಬೀಳಲ್ಲ. ವ್ಯಾಪಾರದ ಲೆಕ್ಕ ಇದು. ಅಷ್ಟು ದಿನವೂ ದಾಖಲೆಯಲ್ಲಿ ಓನರ್ ಯಾರು? ನೀವು.

ಕಾನೂನು ಸರಳವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್. ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ ತಿಳಿಸಬೇಕು, ಅದು ಫಾರ್ಮ್ 29. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಅದು ಫಾರ್ಮ್ 30. ಜನ ಎರಡನ್ನೂ ಒಟ್ಟಿಗೆ ಪಿನ್ ಹೊಡೆದು ಬ್ರೋಕರ್ ಕೈಗೆ ಕೊಡುತ್ತಾರೆ. ಹಾಗಾಗಿ 29 ಅನ್ನೋದು ಮಾರುವವರ ಸ್ವಂತ ಕೆಲಸ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ಅರ್ಜಿ ಹೋಗಬೇಕಾದ್ದು ಕೊಂಡವರು ಇರುವ ಕಡೆಯ ಆರ್‌ಟಿಓಗೆ. ನಿಮ್ಮ ವಿಷಯದಲ್ಲಿ ಹಾಸನ. ನಂಬರ್ ಬದಲಾಗಲ್ಲ, ಕೆಎ 09 ಆಗಿಯೇ ಉಳಿಯುತ್ತದೆ. ಜೀವಾವಧಿ ತೆರಿಗೆ ಕಟ್ಟಿದ ಕಾರಿಗೆ ರಾಜ್ಯದೊಳಗೆ ಮತ್ತೆ ತೆರಿಗೆ ಇಲ್ಲ.

ಹುಬ್ಬಳ್ಳಿ ಡೀಸೆಲ್
ವಕೀಲರೇ, ಸುಮ್ನೆ ಹೆದರಿಸಬೇಡ್ರಿ. ನಾನು ಟಾಟಾ ಏಸ್, ಬೊಲೆರೊ, ಬೈಕ್ ಅಂತ ಬೇಕಾದಷ್ಟು ಮಾರೀನಿ. ಎಲ್ಲದಕ್ಕೂ ಡೆಲಿವರಿ ನೋಟ್ ಬರೆಸಿಕೊಳ್ಳುತ್ತೇನೆ. ಸ್ಟ್ಯಾಂಪ್ ಪೇಪರ್ ಮೇಲೆ ತಾರೀಕು, ಟೈಮ್, "ಇವತ್ತಿನಿಂದ ಆಗುವ ಅಪಘಾತ, ದಂಡ, ಕೇಸು ಎಲ್ಲಕ್ಕೂ ಕೊಂಡವರೇ ಜವಾಬ್ದಾರರು" ಅಂತ ಬರೆಸಿ, ಇಬ್ಬರು ಸಾಕ್ಷಿ ಸಹಿ. ಇವತ್ತಿನವರೆಗೂ ಯಾರೂ ನನ್ನ ಮನೆ ಬಾಗಿಲಿಗೆ ಬಂದಿಲ್ಲ ನೋಡ್ರಿ. ಎಲ್ಲರೂ ಮಾಡೋದು ಹೀಗೆ.

ತುಮಕೂರು ವಕೀಲ
ಡೆಲಿವರಿ ನೋಟ್ ಬೇಡ ಅಂತ ನಾನು ಹೇಳಲಿಲ್ಲ. ಬರೆಸಿಕೊಳ್ಳಿ. ಪೊಲೀಸರು ಕೇಳಿದಾಗ "ಆ ದಿನ ಗಾಡಿ ನನ್ನ ಹತ್ತಿರ ಇರಲಿಲ್ಲ" ಅನ್ನಲು ಅದು ಬೇಕು. ಗಾಡಿ ಇಟ್ಟುಕೊಂಡು ಯಾರಾದರೂ ಕಳ್ಳತನ ಮಾಡಿದರೆ ಆಗಲೂ ಬೇಕು. ಆದರೆ ಅಪಘಾತದ ಪರಿಹಾರದ ಕೇಸಿನಲ್ಲಿ ಅದು ನಿಮ್ಮನ್ನು ಉಳಿಸಲ್ಲ.

ಸುಪ್ರೀಂ ಕೋರ್ಟಿನ 2018ರ ತೀರ್ಪು ಇದೆ, ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್. ಗಾಡಿ 2007ರಲ್ಲಿ ಮಾರಾಟವಾಗಿತ್ತು. ಆಮೇಲೆ ಒಬ್ಬರಿಂದ ಒಬ್ಬರಿಗೆ ಕೈ ದಾಟಿತು. 2009ರಲ್ಲಿ ಅಪಘಾತ. ಆರ್‌ಸಿಯಲ್ಲಿ ಮಾತ್ರ ಮೊದಲನೆಯವರ ಹೆಸರೇ ಇತ್ತು. ನಾನು ಮಾರಿ ವರ್ಷಗಳೇ ಆಗಿವೆ ಅನ್ನುವ ವಾದ ಕೋರ್ಟಿನಲ್ಲಿ ನಿಲ್ಲಲಿಲ್ಲ. ಕಾಯ್ದೆಯ 2(30)ರ ಪ್ರಕಾರ ಓನರ್ ಅಂದರೆ ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವರು. ಪೆಟ್ಟು ತಿಂದವರು ಗಾಡಿ ಯಾರಿಂದ ಯಾರಿಗೆ ಹೋಯಿತು ಅಂತ ಹುಡುಕಿಕೊಂಡು ಅಲೆಯಬೇಕಿಲ್ಲ ಅಂತ ಕೋರ್ಟ್ ಹೇಳಿತು. ಪರಿಹಾರದ ಹೊಣೆ ಆರ್‌ಸಿಯಲ್ಲಿದ್ದವರ ಮೇಲೆಯೇ ಬಿತ್ತು. ಇದು ನ್ಯಾಯವೇ ಅಂದರೆ, ಪೆಟ್ಟು ತಿಂದವರ ಕಡೆ ನಿಂತು ನೋಡಿದರೆ ನ್ಯಾಯವೇ.

ನಿಮ್ಮ ಕರಾರು ನಿಮ್ಮಿಬ್ಬರ ನಡುವಿನದು. ದುಡ್ಡು ಕಟ್ಟಿದ ಮೇಲೆ ಕೊಂಡವರ ಮೇಲೆ ಕೇಸು ಹಾಕಿ ವಸೂಲು ಮಾಡಲು ಅದು ಉಪಯೋಗಕ್ಕೆ ಬರಬಹುದು. ಅವರ ಹತ್ತಿರ ದುಡ್ಡಿದ್ದರೆ!

ಹುಬ್ಬಳ್ಳಿ ಡೀಸೆಲ್
ಇನ್ಶೂರೆನ್ಸ್ ಇರುತ್ತಲ್ಲ? ಕಂಪನಿ ಕೊಡ್ತದ.

ಪಾಲಿಸಿ ಅಕ್ಕ
ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ನನ್ನ ಕೆಲಸವೇ ಅದು.

ಅಣ್ಣ, ನೀವು ಹೇಳಿದ್ದು ಅರ್ಧ ಸರಿ. ಗಾಡಿ ಮಾರಿದಾಗ ಥರ್ಡ್ ಪಾರ್ಟಿ ಭಾಗ ಕೊಂಡವರಿಗೆ ತಾನಾಗಿಯೇ ಹೋಗುತ್ತದೆ. 157ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಪಾಲಿಸಿ ಚಾಲ್ತಿಯಲ್ಲಿ ಇರುವಷ್ಟು ದಿನ ಎದುರಿನವರಿಗೆ ಕಂಪನಿ ಪರಿಹಾರ ಕೊಡುತ್ತದೆ. ಅಪಾಯ ಶುರುವಾಗುವುದು ಪಾಲಿಸಿ ಮುಗಿದ ಮಾರನೇ ದಿನ. ಗಾಡಿ ಕೊಂಡವರು ರಿನ್ಯೂ ಮಾಡಿಸದೆ ಓಡಿಸುತ್ತಾರೆ. ನಿಮಗೆ ಗೊತ್ತೇ ಆಗಲ್ಲ. ಆಗ ಅಪಘಾತವಾದರೆ ಆರ್‌ಸಿಯಲ್ಲಿ ನಿಮ್ಮ ಹೆಸರು, ವಿಮೆ ಇಲ್ಲ. ನಿಮ್ಮ ಮನೆ, ಜಮೀನು ಲೆಕ್ಕಕ್ಕೆ ಬರುತ್ತದೆ.

ಕೊಳ್ಳುವವರಿಗೂ ಒಂದು ಮಾತು. ಓನ್ ಡ್ಯಾಮೇಜ್ ಭಾಗ, ಅಂದರೆ ನಿಮ್ಮ ಗಾಡಿಗೇ ಆಗುವ ಹಾನಿಯ ವಿಮೆ, ಹಾಗೆ ತಾನಾಗಿ ಬರಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್‌ಸಿ ನಿಮ್ಮ ಹೆಸರು, ಪಾಲಿಸಿ ಹಳೆಯವರ ಹೆಸರು, ಗಾಡಿ ಮರಕ್ಕೆ ಗುದ್ದಿತು ಅಂದರೆ ಕ್ಲೈಮ್ ಸಿಗಲ್ಲ. ನಾವು ಎಷ್ಟು ಹೇಳಿದರೂ ಜನ "ಇನ್ನೂ ಎಂಟು ತಿಂಗಳು ಇದೆಯಲ್ಲ ಮೇಡಂ" ಅನ್ನುತ್ತಾರೆ.

ಕುವೆಂಪುನಗರದವರೇ, ನಿಮ್ಮ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಬಿಟ್ಟುಕೊಡಬೇಡಿ. ಅದು ಗಾಡಿಯದ್ದಲ್ಲ, ನಿಮ್ಮದು. 50 ಪರ್ಸೆಂಟ್‌ವರೆಗೂ ಇರುತ್ತದೆ. ಮಾರಿದ ದಾಖಲೆ ತೋರಿಸಿ ಕಂಪನಿಯಿಂದ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಮುಂದಿನ ಕಾರಿಗೆ ಬಳಸಬಹುದು. ಹಾಸನದವರು ಪಾಲಿಸಿ ಬದಲಿಸುವಾಗ ಆ ರಿಯಾಯಿತಿಯ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಜಗಳ ಬೇಡ.

ಕುಡ್ಲ ರೈಡರ್
ನಮ್ಮ ಕಥೆ ಕೇಳಿ ಮಾರಾಯ್ರೆ. ತಮ್ಮನ ಬೈಕನ್ನು ಒಬ್ಬ ಮೆಕ್ಯಾನಿಕ್‌ಗೆ ಮಾರಿದೆವು. ಗುರುತಿನವನೇ. "ಹೆಸರು ಬದಲಾಯಿಸುತ್ತೇನೆ" ಅಂದ. ಅವನು ಇನ್ನೊಬ್ಬನಿಗೆ ಕೊಟ್ಟ, ಆ ಇನ್ನೊಬ್ಬ ಬೆಂಗಳೂರಿಗೆ ತೆಗೆದುಕೊಂಡು ಹೋದ. ಈಗ ಸಿಗ್ನಲ್ ಜಂಪ್, ಹೆಲ್ಮೆಟ್ ಇಲ್ಲ, ಟ್ರಿಪಲ್ ರೈಡಿಂಗ್ ಅಂತ ಕ್ಯಾಮೆರಾ ಹೊಡೆದ ಫೋಟೋ ಎಲ್ಲ ತಮ್ಮನ ಮೊಬೈಲಿಗೆ ಬರುತ್ತದೆ. ಫೋಟೋದಲ್ಲಿ ಓಡಿಸುವವನ ಮುಖ ಚಂದ ಕಾಣುತ್ತದೆ. ಅವನು ಯಾರು ಅಂತ ಮಾತ್ರ ನಮಗೆ ಗೊತ್ತಿಲ್ಲ. ಮೆಕ್ಯಾನಿಕ್ ಅಂಗಡಿ ಮುಚ್ಚಿ ಹೋಗಿದ್ದಾನೆ.

2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಅಷ್ಟನ್ನೂ ಕಟ್ಟಿ ಮುಗಿಸಿದೆವು. ಮತ್ತೆ ಶುರುವಾಗಿದೆ. ಇದಕ್ಕೆ ಏನಾದರೂ ದಾರಿ ಉಂಟಾ?

ತುಮಕೂರು ವಕೀಲ
ದಂಡ ಕಟ್ಟುತ್ತಾ ಕೂತರೆ ಮುಗಿಯಲ್ಲ. ಮೊದಲು ಆರ್‌ಟಿಓದಲ್ಲಿ ಗಾಡಿಯ ನೋಂದಣಿ ದಾಖಲೆಯ ಪ್ರತಿ, ಅಂದರೆ ಬಿ ಎಕ್ಸ್‌ಟ್ರಾಕ್ಟ್, ತೆಗೆಸಿ, ಇವತ್ತಿಗೆ ದಾಖಲೆಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಮಾರಿದ ಚೀಟಿ, ಮೆಕ್ಯಾನಿಕ್ ಜತೆಗಿನ ವಾಟ್ಸ್ಯಾಪ್ ಮೆಸೇಜು, ದುಡ್ಡು ಬಂದ ಬ್ಯಾಂಕ್ ದಾಖಲೆ, ಏನಿದ್ದರೂ ಹೊಂದಿಸಿ. ನೋಂದಣಿ ಇರುವ ಆರ್‌ಟಿಓಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಠಾಣೆಯಲ್ಲೂ ದೂರು ಕೊಡಿ. ಬೆಂಗಳೂರು ಸಂಚಾರ ಪೊಲೀಸರಿಗೆ ಆ ಫೋಟೋಗಳ ಸಮೇತ ಬರೆಯಿರಿ. ಒಂದೇ ಜಂಕ್ಷನ್‌ನಲ್ಲಿ ಮತ್ತೆ ಮತ್ತೆ ಸಿಕ್ಕಿದ್ದರೆ ಹಿಡಿಯುವುದು ಅಷ್ಟೇನೂ ಕಷ್ಟವಿಲ್ಲ. ಇಷ್ಟಾದರೂ ಹೆಸರು ತಾನಾಗಿ ಅಳಿಸಿ ಹೋಗಲ್ಲ, ಅದಕ್ಕೆ ಕೊಂಡವನು ಸಿಗಲೇಬೇಕು. ನಮ್ಮಲ್ಲಿನ ದೊಡ್ಡ ಕೊರತೆ ಅದೇ.

ಬೇ ಏರಿಯಾ ಕನ್ನಡಿಗ
ಕ್ಯಾಲಿಫೋರ್ನಿಯಾದಲ್ಲಿ ಈ ಕೊರತೆಗೆ ಒಂದು ದಾರಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಮಾರಿದವರು ಐದು ದಿನದೊಳಗೆ ಡಿಎಂವಿಗೆ (ಇಲ್ಲಿನ ಆರ್‌ಟಿಓ ಇದ್ದ ಹಾಗೆ) ಒಂದು ನೋಟಿಸ್ ಕೊಡಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ. ಕೊಂಡವರ ಹೆಸರು, ವಿಳಾಸ, ತಾರೀಕು, ಓಡೋಮೀಟರ್ ರೀಡಿಂಗ್ ಹಾಕಿದರೆ ಆ ದಿನದ ನಂತರದ ಪಾರ್ಕಿಂಗ್ ದಂಡ, ಟೋಲ್, ಕೇಸುಗಳಿಂದ ಮಾರಿದವರಿಗೆ ಬಿಡುಗಡೆ. ಕೊಂಡವರು ಹತ್ತು ದಿನದಲ್ಲಿ ಟೈಟಲ್ (ಮಾಲೀಕತ್ವದ ದಾಖಲೆ) ತಮ್ಮ ಹೆಸರಿಗೆ ಮಾಡಿಸಬೇಕು. ಮಾಡಿಸಲಿಲ್ಲ ಅಂದರೆ ತಲೆನೋವು ಅವರದ್ದು. ನಮ್ಮ ಫಾರ್ಮ್ 29 ಕೂಡ ಅದೇ ಕೆಲಸ ಮಾಡಬಹುದಿತ್ತು ಅಲ್ವಾ?

ತುಮಕೂರು ವಕೀಲ
ಮಾಡಬಹುದಿತ್ತು. ಡೀಲರ್‌ಗಳ ವಿಷಯದಲ್ಲಿ ಆ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದಾರೆ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಓಯಿಂದ ಅನುಮತಿ ಪತ್ರ ಪಡೆಯಬೇಕು ಅಂತ ನಿಯಮ ಬಂದಿದೆ. ಅಂಥ ಡೀಲರ್‌ಗೆ ಗಾಡಿ ಒಪ್ಪಿಸಿದಾಗ ಪೋರ್ಟಲ್‌ನಲ್ಲಿ ಫಾರ್ಮ್ 29ಸಿ ಹೋಗುತ್ತದೆ. ಅಲ್ಲಿಂದಾಚೆ ಆ ಗಾಡಿಗೆ ಡೀಲರೇ ಓನರ್ ಎಂದು ಲೆಕ್ಕ. ಅಂಗಡಿಗೆ ಅಥವಾ ಆ್ಯಪ್ ಕಂಪನಿಗೆ ಕಾರು ಕೊಡುವವರು "29ಸಿ ಹಾಕ್ತೀರಾ?" ಅಂತ ಕೇಳಿ. ತಡವರಿಸಿದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ. ರಸ್ತೆ ಬದಿಯ ಬ್ರೋಕರ್‌ಗೆ ಇದ್ಯಾವುದೂ ಅನ್ವಯವಾಗಲ್ಲ, ಅವರು ನಡುವಿನವರು ಅಷ್ಟೇ.

ಹಳೇ ಸ್ಕೂಟರ್
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಪ್ಪ ತೀರಿಕೊಂಡು ಒಂದೂವರೆ ತಿಂಗಳಾಯಿತು. ಅವರ ಹೆಸರಲ್ಲಿ ಒಂದು ಆ್ಯಕ್ಟಿವಾ ಇದೆ. ಅಮ್ಮ, ನಾನು, ತಂಗಿ ಮೂವರೇ. ನಾನು ಓಡಿಸಬಹುದಾ? ನನ್ನ ಹೆಸರಿಗೆ ಹೇಗೆ ಮಾಡಿಸುವುದು?

ಗ್ಯಾರೇಜ್ ಗೌಡ
ಅದಕ್ಕೆ ಫಾರ್ಮ್ 31. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ, ಮರಣ ಪ್ರಮಾಣಪತ್ರ ಇಟ್ಟುಕೊಳ್ಳಿ. ಅಮ್ಮ, ತಂಗಿ ಇಬ್ಬರೂ "ನಮ್ಮ ತಕರಾರಿಲ್ಲ" ಅಂತ ನೋಟರಿ ಅಫಿಡವಿಟ್ ಕೊಡಬೇಕು. ಆ್ಯಕ್ಟಿವಾ ಯಾವ ವರ್ಷದ್ದು? 15 ವರ್ಷ ದಾಟಿದ್ದರೆ ಆರ್‌ಸಿಯೇ ಮುಗಿದಿರುತ್ತದೆ. ರಿನ್ಯೂವಲ್‌ಗೆ ಗಾಡಿ ತೋರಿಸಬೇಕು.

ತುಮಕೂರು ವಕೀಲ
ಗೌಡರ ಮಾತಿಗೆ ಎರಡು ಸೇರಿಸುತ್ತೇನೆ. ಓನರ್ ತೀರಿಕೊಂಡ 30 ದಿನದೊಳಗೆ ಆರ್‌ಟಿಓಗೆ ಒಂದು ಪತ್ರ ಕೊಟ್ಟು, ಗಾಡಿ ನಾನು ಬಳಸುತ್ತೇನೆ ಅಂತ ತಿಳಿಸಿದರೆ ಮೂರು ತಿಂಗಳು ಓಡಿಸಲು ನಿಯಮದಲ್ಲೇ ಅವಕಾಶ ಇದೆ. ಆ ಮೂರು ತಿಂಗಳೊಳಗೆ ಫಾರ್ಮ್ 31 ಹೋಗಬೇಕು. ನಿಮ್ಮದು 30 ದಿನ ದಾಟಿದೆ, ಆದರೂ ಈಗಲೇ ಕೊಡಿ. ದುಃಖದ ಮನೆಯಲ್ಲಿ ಇದೆಲ್ಲ ಯಾರಿಗೆ ನೆನಪಿರುತ್ತದೆ? ಕಚೇರಿಯವರಿಗೂ ಅದು ಗೊತ್ತು. ವಿಮಾ ಕಂಪನಿಗೂ ಮರೆಯದೆ ತಿಳಿಸಿ.

2021ರಿಂದ ಆರ್‌ಸಿಗೂ ನಾಮಿನಿ ಹಾಕಲು ಅವಕಾಶ ಇದೆ, ಬ್ಯಾಂಕ್ ಖಾತೆಗೆ ಹಾಕುವ ಹಾಗೆ. ಮನೆಯಲ್ಲಿ ಹಿರಿಯರ ಹೆಸರಲ್ಲಿ ಗಾಡಿ ಇದ್ದರೆ ಇವತ್ತೇ ಹಾಕಿಸಿ.

ಹಳೇ ಸ್ಕೂಟರ್
ತುಂಬಾ ಉಪಕಾರವಾಯಿತು. ಗಾಡಿ 2014ರದ್ದು, ಆರ್‌ಸಿಗೆ ಇನ್ನೂ ಟೈಮ್ ಇದೆ. ನಾಳೆ ನಾಡಕಚೇರಿಗೆ ಹೋಗುತ್ತೇನೆ.

ಕಾಸರಗೋಡಿನವಳು
ನನ್ನದು ಗಡಿ ದಾಟುವ ಪ್ರಶ್ನೆ. ಮಂಗಳೂರಿನಲ್ಲಿ ಅತ್ತೆಯ ಮಗನ ಕಾರು, ಕೆಎ 19. ಅದನ್ನು ನಾನು ಕೊಳ್ಳಬೇಕು ಅಂತಿದ್ದೇನೆ. ನಂಬರ್ ಹಾಗೇ ಇಟ್ಟುಕೊಳ್ಳಬಹುದಾ?

ಕುಡ್ಲ ರೈಡರ್
ಇಲ್ಲ ಅಕ್ಕ, ಅಲ್ಲಿ ಕೆಎಲ್ 14 ಆಗಲೇಬೇಕು. ಮಂಗಳೂರು ಆರ್‌ಟಿಓದಿಂದ ಫಾರ್ಮ್ 28ರಲ್ಲಿ ಎನ್‌ಒಸಿ ತೆಗೆಸಿ. ದಂಡ, ಸಾಲ ಏನೂ ಬಾಕಿ ಇರಬಾರದು. ಆಮೇಲೆ ಕಾಸರಗೋಡಿನಲ್ಲಿ ಕೇರಳದ ತೆರಿಗೆ ಕಟ್ಟಿ ಹೊಸ ನೋಂದಣಿ. ತೆರಿಗೆ ಎಷ್ಟು ಬರುತ್ತದೆ ಅಂತ ಮೊದಲು ಕೇಳಿಕೊಂಡು ಆಮೇಲೆ ಕಾರಿನ ರೇಟ್ ಮಾತಾಡಿ. ಅತ್ತೆಯ ಮಗ ಅಂತ ಸುಮ್ಮನಾಗಬೇಡಿ!

ತುಮಕೂರು ವಕೀಲ
ಬೇರೆ ರಾಜ್ಯಕ್ಕಾದರೆ 14 ದಿನದ ಬದಲು 45 ದಿನ ಇರುತ್ತದೆ, ಎನ್‌ಒಸಿ ಸಮೇತ. ಎನ್‌ಒಸಿ ಅರ್ಜಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಕೊಟ್ಟಂತೆಯೇ ಲೆಕ್ಕ ಅಂತ 48ನೇ ಸೆಕ್ಷನ್ ಹೇಳುತ್ತದೆ. ಈ ಮಾತನ್ನು ಕೌಂಟರ್‌ನಲ್ಲಿ ನಯವಾಗಿ ಹೇಳಿ ನೋಡಿ, ಕೆಲವೊಮ್ಮೆ ಫೈಲು ಬೇಗ ಸಿಗುತ್ತದೆ. ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಭಾಗ ವಾಪಸ್ ಕೇಳಲು ಅವಕಾಶ ಇದೆ. ಅದನ್ನು ಯಾರು ಇಟ್ಟುಕೊಳ್ಳುವುದು ಅಂತ ಈಗಲೇ ಮಾತಾಡಿಕೊಳ್ಳಿ.

ಕುವೆಂಪುನಗರದವ
ಎಲ್ಲವನ್ನೂ ಓದಿದೆ. ಬ್ಯಾಂಕಿಗೆ ಹೋಗಿ ಹೊಸ ಎನ್‌ಒಸಿಗೆ ಬರೆದುಕೊಟ್ಟು ಬಂದೆ. ಪ್ಲೇಟ್ ಮೊದಲೇ ಹಾಕಿಸಿದ್ದೆ. ಬ್ರೋಕರ್‌ಗೆ ಖಾಲಿ ಫಾರ್ಮ್ ಆಗಲ್ಲ ಅಂದಿದ್ದಕ್ಕೆ "ಹಾಗಾದ್ರೆ ಪಾರ್ಟಿ ಬಿಟ್ಟು ಹೋಗುತ್ತೆ ಸಾರ್" ಅಂದರು. ಹಾಸನದವರಿಗೆ ನಾನೇ ಫೋನ್ ಮಾಡಿದೆ. ಅವರಿಗೆ ಕಾರು ಮಗಳ ಕಾಲೇಜಿಗೆ ಬೇಕಂತೆ, ಅವರ ಹೆಸರಿಗೇ ಆಗಬೇಕಂತೆ. ಖಾಲಿ ಫಾರ್ಮ್ ವಿಷಯವೇ ಅವರಿಗೆ ಗೊತ್ತಿಲ್ಲ!

ಈಗ ಎರಡು ಪ್ರಶ್ನೆ. ಅವರು ಪೂರ್ತಿ ದುಡ್ಡು ಕೊಟ್ಟು ಕಾರು ಒಯ್ಯುತ್ತೇನೆ ಅನ್ನುತ್ತಾರೆ. ಕೊಡಬಹುದಾ, ಅಥವಾ ಹೆಸರು ಬದಲಾಗುವವರೆಗೂ ಇಲ್ಲೇ ಇಟ್ಟುಕೊಳ್ಳಲಾ? ಆಧಾರ್ ಜೆರಾಕ್ಸ್ ಕೊಡಲು ನನಗೆ ಹಿಂಜರಿಕೆ. ಕೊಡದೆ ಆಗುತ್ತಾ?

ಗ್ಯಾರೇಜ್ ಗೌಡ
ದುಡ್ಡು ಕೊಟ್ಟವರು ಕಾರು ಬಿಟ್ಟು ಹೋಗಲ್ಲ ಸಾರ್. ಮೊದಲು ಎಚ್‌ಪಿ ತೆಗೆಸಿ. ಆಮೇಲೆ ಒಂದು ದಿನ ಅವರನ್ನು ಮೈಸೂರಿಗೆ ಕರೆಸಿ. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಒಟ್ಟಿಗೆ ಕೂತು ಅರ್ಜಿ ಹಾಕಿ. ನಿಮ್ಮ ಮೊಬೈಲ್‌ಗೂ ಅವರ ಮೊಬೈಲ್‌ಗೂ ಓಟಿಪಿ ಬರುತ್ತದೆ. ಆರ್‌ಸಿಗೆ ನಿಮ್ಮ ಈಗಿನ ನಂಬರ್ ಜೋಡಣೆ ಆಗಿದೆಯಾ ಅಂತ ಈಗಲೇ ನೋಡಿ. 2016ರ ಗಾಡಿಗೆ ಶೋರೂಮಿನವರು ತಮ್ಮದೇ ನಂಬರ್ ಹಾಕಿರುವುದೂ ಉಂಟು. ಫೀಸು ಕಟ್ಟಿ, ಚಾಸಿ ನಂಬರ್ ಪೆನ್ಸಿಲ್ ಪ್ರಿಂಟ್ ತೆಗೆದು ಫಾರ್ಮ್‌ಗೆ ಅಂಟಿಸಿ, ಇಬ್ಬರೂ ಸಹಿ ಹಾಕಿ. ಎಲ್ಲದರ ಫೋಟೋ ಹೊಡೆದುಕೊಂಡು ಕೀ ಕೊಡಿ. ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ.

ಸರ್ಕಾರದ ಫೀಸು ಕಾರಿಗೆ 300, ಸ್ಮಾರ್ಟ್ ಕಾರ್ಡಿಗೆ 200. ಬೈಕಿಗಾದರೆ 150. ಬ್ರೋಕರ್ ಎಷ್ಟು ಕೇಳಿದರು ಅಂತ ನಾನು ಕೇಳಲ್ಲ.

ಪಾಲಿಸಿ ಅಕ್ಕ
ಒಂದಿಷ್ಟು ದುಡ್ಡು ಹಿಡಿದಿಟ್ಟುಕೊಳ್ಳಿ. ಕಾರಿನ ರೇಟಿನ ಮೇಲೆ ಹತ್ತು ಸಾವಿರ ಹೆಚ್ಚಿಗೆ ಪಡೆದು, ಆರ್‌ಸಿ ಹೆಸರು ಬದಲಾದ ದಿನ ವಾಪಸ್ ಹಾಕುತ್ತೇನೆ ಅಂತ ಬರೆದುಕೊಡಿ. ಅವರೂ ಒಳ್ಳೆಯವರ ಹಾಗೆ ಕಾಣುತ್ತಾರೆ, ಒಪ್ಪುತ್ತಾರೆ. ಈ ದುಡ್ಡಿನ ನೆಪದಲ್ಲಾದರೂ ಕೆಲಸ ಬೇಗ ಆಗುತ್ತದೆ.

ಆಧಾರ್ ಪ್ರತಿ ಮೇಲೆ ಅಡ್ಡಗೆರೆ ಎಳೆದು "ಇಂಥ ನಂಬರಿನ ಕಾರು ಹೆಸರು ಬದಲಾವಣೆಗೆ ಮಾತ್ರ" ಅಂತ ಬರೆದು ತಾರೀಕು ಹಾಕಿ. ಮೊದಲ ಎಂಟು ಅಂಕಿ ಮುಚ್ಚಿರುವ ಪ್ರತಿಯೂ ಡೌನ್‌ಲೋಡ್ ಆಗುತ್ತದೆ, ಅದನ್ನೇ ಕೊಡಿ. ಬ್ರೋಕರ್ ಕೈಗೆ ಬೇಡ, ಹಾಸನದವರ ಕೈಗೆ.

ಹುಬ್ಬಳ್ಳಿ ಡೀಸೆಲ್
ನಾನು ಒಂದು ಕೇಳ್ತೇನಿ. ಮಾರಿದ ಗಾಡಿ ಈಗ ಯಾರ ಹೆಸರಲ್ಲಿದೆ ಅಂತ ಮನೆಯಲ್ಲೇ ಕೂತು ನೋಡಬಹುದೇನ್ರಿ? ಬೊಲೆರೊ ಬಗ್ಗೆ ಸ್ವಲ್ಪ ಅನುಮಾನ ಬಂತು.

ಗ್ಯಾರೇಜ್ ಗೌಡ
ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ. ಹೆಸರು ಪೂರ್ತಿ ತೋರಿಸಲ್ಲ, ನಡುವೆ ನಕ್ಷತ್ರ ಇರುತ್ತದೆ. ಆದರೂ ನಿಮ್ಮದೋ ಅಲ್ಲವೋ ಗೊತ್ತಾಗುತ್ತದೆ. ಇನ್ಶೂರೆನ್ಸ್ ಯಾವತ್ತಿನವರೆಗೆ ಇದೆ ಅಂತಲೂ ನೋಡಿ.

ಹುಬ್ಬಳ್ಳಿ ಡೀಸೆಲ್
ಬೊಲೆರೊ ಬೇರೆಯವರ ಹೆಸರಿಗೆ ಆಗೇದ. ಟಾಟಾ ಏಸ್ ಇನ್ನೂ ನನ್ನ ಹೆಸರಲ್ಲೇ ಅದ. ಇನ್ಶೂರೆನ್ಸ್ ಮಾರ್ಚ್‌ವರೆಗೆ ಅದ. ಕೊಂಡವರು ಗದಗದವರು, ಫೋನ್ ಹಚ್ಚೀನಿ, ಭಾನುವಾರ ಬಾ ಅಂದಾರ. ವಕೀಲರೇ, ಡೆಲಿವರಿ ನೋಟ್ ಒಯ್ಲ್ಯಾ?

ತುಮಕೂರು ವಕೀಲ
ಒಯ್ಯಿರಿ. ಹೊಸ 29, 30 ಪ್ರಿಂಟ್ ತೆಗೆದು ಅವನ್ನೂ ಒಯ್ಯಿರಿ. ಟಾಟಾ ಏಸ್ ಬಾಡಿಗೆ ಗಾಡಿ, ಹಳದಿ ಬೋರ್ಡು ಅಲ್ವಾ? ಹಾಗಾದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮತ್ತು ತೆರಿಗೆ ಎಲ್ಲಿಯವರೆಗೆ ಕಟ್ಟಿದ್ದಾರೆ ಅಂತಲೂ ಕೇಳಿ. ಬಾಕಿ ಇದ್ದರೆ ನೋಟಿಸ್ ನಿಮಗೇ ಬರುವುದು.

ಕುವೆಂಪುನಗರದವ
ಕೊನೆಯದಾಗಿ ಫಾಸ್ಟ್ಯಾಗ್. ಗಾಜಿಗೆ ಅಂಟಿದ್ದನ್ನು ಹಾಗೇ ಬಿಡಲಾ? ಅದರಲ್ಲಿ ದುಡ್ಡು ಇದೆ.

ಗ್ಯಾರೇಜ್ ಗೌಡ
ಬಿಡಬೇಡಿ. ಅದು ನಿಮ್ಮ ಖಾತೆಗೆ ಸೇರಿದ್ದು. ಅವರು ಟೋಲ್ ದಾಟಿದಾಗಲೆಲ್ಲ ನಿಮ್ಮ ದುಡ್ಡು ಕಟ್ ಆಗುತ್ತದೆ. ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ ಕ್ಲೋಸ್ ಮಾಡಲು ಕೊಡಿ, ಉಳಿದದ್ದು ಖಾತೆಗೆ ವಾಪಸ್ ಬರುತ್ತದೆ. ಒಂದು ಗಾಡಿಗೆ ಒಂದೇ ಟ್ಯಾಗ್, ನಿಮ್ಮದು ಮುಚ್ಚದಿದ್ದರೆ ಅವರು ಹೊಸದು ತೆಗೆದುಕೊಳ್ಳುವಾಗ ತೊಂದರೆ. ಕೀ ಕೊಡುವ ಹಿಂದಿನ ದಿನ ಗಾಜಿನಿಂದ ಕಿತ್ತುಬಿಡಿ.